ಹುಳದ ಮನೆಯ ಭಾನುವಾರ

ಹೋದ ವಾರ ಪಂಚಾಯಿತಿಯವರು ಬಂದು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪುಡಿ ಎರಚಿ ಹೋದರು. ಬೀದಿಯವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು ಒಳಗೆ ಓಡಿದರೆ ನಾನೊಬ್ಬಳು ಜಗಲಿಯ ಮೇಲೆ ಕೂತೇ ಇದ್ದೆ. ಸೊಸೆ ಬಾಗಿಲಿಗೆ ಬಂದು, "ಒಳಗ್ ಬನ್ನಿ ಅತ್ತೆ, ತಲೆನೋವು ಬರುತ್ತೆ" ಅಂದಳು. ಬಂದರೆ ಬರಲಿ ಎಂದೆ. ಅವಳಿಗೆ ಅದು ಚರಂಡಿಯ ಘಾಟು. ನನಗೆ ಅದು ನರ್ಸಮ್ಮನ ಹುಳದ ಮನೆಯ ವಾಸನೆ, ಭಾನುವಾರ ಮಧ್ಯಾಹ್ನದ ವಾಸನೆ...

ಊರಿಗೆಲ್ಲ ಅವರು ನರ್ಸಮ್ಮ. ಸುತ್ತಿನ ಹಳ್ಳಿಗಳ ಹೆರಿಗೆಯೆಲ್ಲ ಆಗುತ್ತಿದ್ದ ಪಟ್ಟಣದ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಶಿಡ್ಲಘಟ್ಟದ ಕಡೆಯ ನಮ್ಮ ಊರಿನಲ್ಲಿ ಒಂದು ಎಕರೆ ಕೊಂಡು, ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳ ಸಾಕಲು ಬಂದವರು. ಮದುವೆಯಾಗಿರಲಿಲ್ಲ. ಒಂಟಿ ಹೆಂಗಸು, ಅದರಲ್ಲೂ ಕ್ರೈಸ್ತರು, ನಮ್ಮೂರಿಗೆ ಯಾಕೆ ಬಂದರು ಎಂದು ಯಾರಾದರೂ ಮುಖ ಸಿಂಡರಿಸಿದರೆ, "ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದ್ದು ಯಾರು ಅಂತ ನಿಮ್ಮಮ್ಮನ್ನ ಕೇಳಪ್ಪ" ಅನ್ನುತ್ತಿದ್ದರು.

ಚರ್ಚಿನ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಭಾನುವಾರ ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಬಿಳಿ ಸೀರೆ ಉಟ್ಟು, ಬೈಬಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮೊದಲ ಬಸ್ಸು ಹತ್ತಲೇಬೇಕು. ಜ್ವರವಿರಲಿ, ಬಂದ್ ಇರಲಿ. ಬಸ್ಸಿಲ್ಲದ ದಿನ ಟೊಮ್ಯಾಟೊ ತುಂಬಿದ ಟೆಂಪೋ ಹತ್ತಿ ಪಟ್ಟಣ ಸೇರಿದ್ದೂ ಉಂಟು.

ನಾನು ಅದಕ್ಕೆ ತೀರಾ ಉಲ್ಟಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮದು ಊರಿನ ಹಳೆಯ ಜಮೀನುದಾರರ ಮನೆತನ. ಗುಡಿಯಲ್ಲಿ ಮೊದಲ ತೀರ್ಥ ನಮ್ಮ ಮನೆಗೆ. ಆ ಮೊದಲ ತೀರ್ಥ ದೊಡ್ಡಪ್ಪನಿಗೋ ಚಿಕ್ಕಪ್ಪನಿಗೋ ಎಂದು ಗರ್ಭಗುಡಿಯ ಮುಂದೆಯೇ ಅಂಗಿ ಹರಿಯುವ ಹಾಗೆ ಜಗಳವಾದ ದಿನ ನಾನು ಗುಡಿಯಿಂದ ಇಳಿದು ಬಂದವಳು ಮತ್ತೆ ಹತ್ತಲಿಲ್ಲ. ದೇವರಿಲ್ಲ ಎಂದು ಹೇಳುವ ಧೈರ್ಯ ಇರಲಿಲ್ಲ, ಹೇಳಬೇಕು ಅನ್ನಿಸಲೂ ಇಲ್ಲ. ಒಳಗೆ ಏನೋ ಒಂದು ಇತ್ತು. ಅದಕ್ಕೆ ಗೋಡೆ, ಗಂಟೆ, ಸರದಿ ಯಾವುದೂ ಬೇಕಿರಲಿಲ್ಲ ಅಷ್ಟೆ.

ನಮ್ಮ ಭಾನುವಾರದ ಕೂಟದಲ್ಲಿ ಮೂರನೆಯವನು ಬೆಟ್ಟದ ತಾತ. ವಯಸ್ಸಿನಲ್ಲಿ ಕುರಿ ಮೇಯಿಸಿದವನು, ಕುರಿ ಮಾರಿದ ಮೇಲೂ ಬೆಟ್ಟ ಬಿಡಲಿಲ್ಲ. ದಿನಾ ಬೆಳಗ್ಗೆ ಹೋಗಿ ಬಂಡೆಯ ಮೇಲೆ ಅಂಗೈ ಊರಿ ಕೂರುತ್ತಿದ್ದ. ಆಮೇಲೆ ಇಳಿದು ಬಂದು ನರ್ಸಮ್ಮನ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಕೊಯ್ಯುವ ಮುಂಚೆ ಗಿಡಕ್ಕೆ ಕೈ ಮುಗಿದು ಕೇಳಬೇಕು. ಯಾಕೆ ಎಂದರೆ, "ಅದರ ಮೈಯಿಂದ ಕೀಳ್ತಾ ಇದೀವಿ, ಒಂದು ಮಾತು ಕೇಳ್ದೆ ಹೆಂಗಮ್ಮ?" ಅನ್ನುವನು.

ನಾವು ಮೂವರೂ ಒಟ್ಟಿಗೆ ಕೂತದ್ದು ಹುಳಗಳಿಂದ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲುಗಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಆಗ ಹುಳವಿರುವ ತಟ್ಟೆ ಅಲುಗಿಸಬಾರದು, ಗದ್ದಲ ಮಾಡಬಾರದು. ಒಂದು ಭಾನುವಾರ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ನರ್ಸಮ್ಮ ಚರ್ಚಿನಿಂದ ಬಂದು ನೋಡಲು ಒಳಗೆ ಹೋದರು. ತೋಟದಲ್ಲಿದ್ದ ತಾತನೂ ಅವರನ್ನು ಮಾತಾಡಿಸಲು ಬಂದಿದ್ದ ನಾನೂ ಹಿಂದೆ ಹೋದೆವು. ಸಾವಿರಾರು ಹುಳ ತಲೆ ಎತ್ತಿ ನಿಂತಿದ್ದವು. ನರ್ಸಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂತರು, ತುಟಿ ಸಣ್ಣಗೆ ಆಡುತ್ತಿತ್ತು. ತಾತ ಕಣ್ಣು ಬಿಟ್ಟುಕೊಂಡೇ ಹುಳಗಳನ್ನು ನೋಡುತ್ತಾ ಕೂತ. ನಾನು ಉಸಿರಾಡಿಕೊಂಡು ಕೂತೆ. ಎದ್ದಾಗ ಒಂದು ಗಂಟೆ ಕಳೆದಿತ್ತು.

ಮುಂದಿನ ಭಾನುವಾರ ಹುಳ ತಿನ್ನುತ್ತಿದ್ದವು. ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಕೇರುತ್ತಿದ್ದ ಹಾಗೆ ಸದ್ದು. ಆದರೂ ಕೂತೆವು. ಹಾಗೆ ಅಭ್ಯಾಸವಾಯಿತು. ಆಮೇಲೆ ಹೊರಗೆ ಕಾಫಿ ಕುಡಿಯುವಾಗ ಬೇಕಾದಷ್ಟು ಕಿತ್ತಾಡುತ್ತಿದ್ದೆವು. ನಿಮ್ಮ ಚರ್ಚಿನಲ್ಲಿ ರೊಟ್ಟಿ ಹಂಚುವಾಗಿನ ಪ್ರಾರ್ಥನೆಯಲ್ಲಿ ಗೋಧಿ ಬೆಳೆದ ಮಣ್ಣನ್ನು ನೆನೆಯುತ್ತೀರಾ ಎಂದು ತಾತ ಕೇಳಿದರೆ, ನರ್ಸಮ್ಮ ಯೋಚನೆ ಮಾಡಿ, "ನೆನೀಬೇಕು. ಮರ್ತಿದ್ದೆ" ಅಂದರು. ಚರ್ಚಿನ ಸುಗ್ಗಿ ಹಬ್ಬಕ್ಕೆ ತಾತ ಬೆಟ್ಟದ ಸೀತಾಫಲ ಕಳಿಸಿದ, ಅವರು ಅದನ್ನು ಹೊತ್ತುಕೊಂಡು ಹೋಗಿ ಎಲ್ಲರ ಕಾಣಿಕೆಗಳ ನಡುವೆ ಇಟ್ಟು ಬಂದರು. ಒಳಗೆ ಕೂತಾಗ ಮಾತ್ರ ಯಾರೂ ಯಾರನ್ನೂ ತಿದ್ದುವ ಹಾಗಿಲ್ಲ ಎಂಬುದು ನರ್ಸಮ್ಮನ ಕಾನೂನು.

ಸುದ್ದಿ ಹಬ್ಬಿತು. ಮೊದಲು ಬಂದದ್ದು ನಮ್ಮ ಚಿಕ್ಕಪ್ಪ, ಜೊತೆಗೆ ಇಬ್ಬರು. ಹುಳದ ಮನೆಯಲ್ಲಿ ಮತಾಂತರ ನಡೆಯುತ್ತಿದೆ, ನಮ್ಮ ಮನೆ ಮಗಳನ್ನೇ ಮೊದಲು ಹಿಡಿದಿದ್ದಾರೆ ಎಂದು ಅವರ ಲೆಕ್ಕ. ಬಾಗಿಲಲ್ಲಿ ಸುಣ್ಣಕ್ಕೆ ಬ್ಲೀಚಿಂಗ್ ಪುಡಿ ಬೆರೆಸಿ ಹಾಕಿದ ಬಿಳಿ ಪಟ್ಟಿ, ಪಕ್ಕದಲ್ಲಿ ಕಾಲು ಅದ್ದಲು ಮದ್ದಿನ ನೀರು. ಹುಳ ಸಾಕುವ ಮನೆಗಳಲ್ಲೆಲ್ಲ ಇರುವುದೇ. ಸೋಂಕು ಒಳಗೆ ಹೋದರೆ ಬೆಳೆಯೆಲ್ಲ ಹಾಳು, ಊದುಬತ್ತಿ, ಸೆಂಟಿನ ವಾಸನೆಯೂ ಹುಳಕ್ಕೆ ಆಗದು. ನರ್ಸಮ್ಮ ಅಡ್ಡ ನಿಂತು, "ಕಾಲು ಅದ್ದಿ ಬನ್ನಿ. ಊದುಬತ್ತಿ ವಾಸನೆ ಬರ್ತಾ ಇದೆ, ಆ ಶಲ್ಯ ಹೊರಗೇ ಇರಲಿ. ಹುಳ ಜ್ವರಕ್ಕೆ ಕೂತಿವೆ, ಜೋರಾಗಿ ಮಾತಾಡಬೇಡಿ" ಅಂದರು. ಚಿಕ್ಕಪ್ಪನೂ ಹುಳ ಸಾಕುವವರೇ. ಜ್ವರಕ್ಕೆ ಕೂತ ಹುಳದ ಮುಂದೆ ಕೂಗಾಡಲು ಅವರಿಂದ ಆಗಲಿಲ್ಲ. ಶಲ್ಯ ತೆಗೆದಿಟ್ಟು, ಕಾಲು ಅದ್ದಿ, ಒಳಗೆ ಬಂದು ನಮ್ಮ ಪಕ್ಕ ಕೂತರು. ಕಾಲು ಗಂಟೆಯಾದ ಮೇಲೆ ಎದ್ದು, "ಹುಳ ಚೆನ್ನಾಗವೆ" ಎಂದು ಹೇಳಿ ಹೋದರು. ಮತಾಂತರದ ಮಾತು ಮತ್ತೆ ಎತ್ತಲಿಲ್ಲ.

ಪಟ್ಟಣದಿಂದ ಬಂದ ಚರ್ಚಿನ ಇಬ್ಬರು ಹಿರಿಯರಿಗೆ ಹುಳದ ಸಂಗತಿ ಏನೂ ಗೊತ್ತಿರಲಿಲ್ಲ. ಅವರನ್ನೂ ನರ್ಸಮ್ಮ ಬಾಗಿಲಲ್ಲೇ ನಿಲ್ಲಿಸಿ, ಬೂಟು ಬಿಚ್ಚಿಸಿ, ಕಾಲು ಅದ್ದಿಸಿ, ಬಾಯಿ ಮುಚ್ಚಿಕೊಂಡು ಕೂರಲು ಹೇಳಿದರು. ಸೆಂಟು ಹಾಕಿಕೊಂಡಿದ್ದ ಒಬ್ಬರನ್ನು ಒಳಗೆ ಬಿಡಲೇ ಇಲ್ಲ. ಅವರು ವಾಪಸು ಹೋಗಿ ಸಭೆಗೆ ವರದಿ ಕೊಟ್ಟರು. ಬಾಗಿಲಿಗೆ ಬಿಳಿ ಪುಡಿಯ ಗೆರೆ ಎಳೆಯುತ್ತಾರೆ, ಬಂದವರ ಪಾದ ತೊಳೆಸುತ್ತಾರೆ, ಹುಳಗಳ ಮುಂದೆ ಮೌನ ಪೂಜೆ ಮಾಡುತ್ತಾರೆ, ಒಬ್ಬ ಮುದುಕ ಸೊಪ್ಪಿಗೆ ಕೈ ಮುಗಿಯುತ್ತಾನೆ. ನರ್ಸಮ್ಮ ಇದನ್ನು ಹೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದರಲ್ಲಿ ಪೂಜೆ ಅನ್ನಬಹುದಾದದ್ದು ಮುದುಕನ ವಿಷಯ ಒಂದೇ.

ಅವರು ನಗಲಿಲ್ಲ. ಅಯ್ಯನವರು, ಅಂದರೆ ಚರ್ಚಿನ ಪಾದ್ರಿಗಳು, ಕರೆಸಿ ಹೇಳಿದ್ದರಂತೆ. ಅದೆಲ್ಲ ಬರೀ ಶುಚಿತ್ವಕ್ಕೆ, ಅಲ್ಲಿ ದೇವರ ವಿಷಯ ಏನೂ ನಡೆಯುವುದಿಲ್ಲ, ಇನ್ನು ಮುಂದೆ ತಾತನನ್ನೂ ನನ್ನನ್ನೂ ಸೇರಿಸುವುದಿಲ್ಲ ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಕರ್ತನ ಭೋಜನವಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಮಂಡಿಯೂರಿ ತೆಗೆದುಕೊಳ್ಳುವ ಆ ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ... ಅದಕ್ಕಾಗಿಯೇ ಅವರು ಜ್ವರದಲ್ಲೂ ಬಸ್ಸು ಹತ್ತುತ್ತಿದ್ದದ್ದು.

"ಸುಣ್ಣ ಹಾಕೋದು ರೋಗ ಬರ್ದಿರ್ಲಿ ಅಂತ, ಹಂಗಂತ ಬರ್ಕೊಡ್ತೀನಿ ಅಂದೆ ಕಣಮ್ಮ. ಅಲ್ಲಿ ದೇವರಿಲ್ಲ ಅಂತ ಹೆಂಗ್ ಬರೀಲಿ? ಸುಳ್ಳಾಗುತ್ತಲ್ಲ" ಅಂದರು.

ನನಗೆ ರೇಗಿತು. "ಹಂಗಾದ್ರೆ ಆ ಚರ್ಚೇ ಬಿಟ್ಬಿಡಿ ನರ್ಸಮ್ಮ. ನಿಮಗ್ಯಾಕೆ ಅವರ ಹಂಗು?"

ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ನನ್ನನ್ನು ನೋಡಿದರು. "ನೀನೂ ಅವರಂಗೇ ಮಾತಾಡ್ತೀಯಲ್ಲೇ. ನಿಮ್ಮನ್ನ ಬಿಡು ಅಂತ ಅವರು, ಅವರನ್ನ ಬಿಡು ಅಂತ ನೀನು. ನಾನು ಯಾರನ್ನೂ ಬಿಡಲ್ಲ, ಹೋಗು" ಅಂದರು.

ಬಿಡಲಿಲ್ಲ. ಮುಂದಿನ ತಿಂಗಳು ಮೊದಲ ಭಾನುವಾರ ನಾನೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರು ಎಲ್ಲರ ಜೊತೆ ಮುಂದೆ ಹೋಗಿ ಮಂಡಿಯೂರಿ, ಬಲಗೈಯನ್ನು ಎಡಗೈಯ ಮೇಲಿಟ್ಟು ಚಾಚಿದರು. ಅಯ್ಯನವರು ಎಡಗಡೆಯವರಿಗೆ ಕೊಟ್ಟರು, ಇವರನ್ನು ದಾಟಿದರು, ಬಲಗಡೆಯವರಿಗೆ ಕೊಟ್ಟರು. ನರ್ಸಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ಎಲ್ಲರೂ ಏಳುವಾಗ ಎದ್ದು, ವಾಪಸು ಬಂದು, ಕೊನೆಯ ಕೀರ್ತನೆಯನ್ನು ಎಲ್ಲರಿಗಿಂತ ಜೋರಾಗಿ ಹಾಡಿದರು. ಮಧ್ಯಾಹ್ನ ನಮ್ಮ ಜೊತೆ ಹುಳದ ಮನೆಯಲ್ಲಿ ಕೂತರು. ಹೀಗೆ ಎರಡು ವರ್ಷ ನಡೆಯಿತು. ಒಂದು ತಿಂಗಳೂ ತಪ್ಪಿಸಲಿಲ್ಲ, ಒಂದು ಸಲವೂ ಅಳಲಿಲ್ಲ. ಅತ್ತದ್ದು ನಾನು.

ಆಮೇಲೆ ಅವರ ಶ್ವಾಸಕೋಶದಲ್ಲಿ ನೀರು ತುಂಬಿತು. ಆಸ್ಪತ್ರೆಯಿಂದ ಹಟ ಮಾಡಿ ಮನೆಗೆ ಬಂದರು. ಹಾಸಿಗೆ ಹಿಡಿದವರ ಮನೆಗೆ ಅಯ್ಯನವರೇ ರೊಟ್ಟಿ, ಬಟ್ಟಲು ತಂದು ಕೊಡುವ ಪದ್ಧತಿ ಅವರಲ್ಲಿದೆ. ನರ್ಸಮ್ಮ ನನ್ನನ್ನು ಕರೆದು, "ಹೋಗಿ ಕೇಳಮ್ಮ" ಅಂದರು. ಹೋಗಿ ಕೇಳಿದೆ. ಅಯ್ಯನವರು ಕೆಟ್ಟವರಲ್ಲ, ನನಗೆ ಕುರ್ಚಿ ಕೊಟ್ಟು ಮೆಲ್ಲಗೆ ಮಾತಾಡಿದರು. "ಒಂದೇ ಒಂದು ಸಾಲು ಬರೆಸ್ಕೊಂಡು ಬನ್ನಿ ಟೀಚರ್. ನಾಳೇನೇ ಬರ್ತೀನಿ. ನನ್ನ ಕೈಲಿ ಏನೂ ಇಲ್ಲ" ಅಂದರು.

ಬಂದು ಹೇಳಿದೆ. ನರ್ಸಮ್ಮ ಗೋಡೆಯ ಕಡೆ ತಿರುಗಿದರು. ಅಲ್ಲೇ ಕೂತಿದ್ದ ತಾತನಿಗೆ ತಡೆಯಲಾಗಲಿಲ್ಲ. ತನ್ನ ಬುತ್ತಿಯ ರಾಗಿ ರೊಟ್ಟಿಯನ್ನು ಮುರಿದು, ಹಣೆಗೆ ಒತ್ತಿಕೊಂಡು ಅವರ ಮುಂದೆ ಹಿಡಿದ. "ಇಗೋ ಅಮ್ಮಾ, ನಾನು ಕೊಡ್ತೀನಿ ತಗೋ. ಬೆಳೆದಿದ್ದೆಲ್ಲ ಆ ಸ್ವಾಮಿದೇ."

ನರ್ಸಮ್ಮ ನಕ್ಕು, ತೆಗೆದುಕೊಂಡು, ನಿಧಾನವಾಗಿ ತಿಂದರು. "ರುಚಿಯಾಗಿದೆ ತಾತ. ಆದ್ರೆ ಅದು ಇದಲ್ಲ. ಅದನ್ನ ಅವರೇ ಕೊಡಬೇಕು. ನಂದು ಅದು. ಕಾಯ್ತೀನಿ."

ಕಾದರು. ನಾಲ್ಕನೇ ದಿನ ಬೆಳಗ್ಗೆ ಹೋಗಿಬಿಟ್ಟರು...

ಮಣ್ಣು ಮಾಡಲು ಚರ್ಚಿನ ಸ್ಮಶಾನದಲ್ಲಿ ಜಾಗಕ್ಕೇನೂ ತಕರಾರಾಗಲಿಲ್ಲ. ಅಯ್ಯನವರು ಬಂದು, ನಂಬಿಗಸ್ತ ಮಗಳು ಎಂದು ಅವರ ಬಗ್ಗೆ ಒಳ್ಳೆಯ ಮಾತಾಡಿದರು. ನಮ್ಮ ಚಿಕ್ಕಪ್ಪನೂ ಬಂದಿದ್ದರು. ನನ್ನ ಸರದಿ ಬಂದಾಗ ಹಿಡಿ ಮಣ್ಣು ಕೈಯಲ್ಲಿ ಹಿಡಿದುಕೊಂಡೇ, "ಅಯ್ಯನವರೇ, ರೊಟ್ಟಿ ಕೊಡೋಕೆ ಬರದೋರು ಮಣ್ಣು ಕೊಡೋಕೆ ಬಂದ್ರಲ್ಲ" ಅಂದೆ. ಸಾವಿನ ಹೊತ್ತಿನಲ್ಲಿ ಹಾಗೆ ಮಾತಾಡಬಾರದಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಇಂದಿಗೂ ನನಗೆ ಹಾಗೆ ಅನ್ನಿಸಿಲ್ಲ.

ಮರುವರ್ಷ ತಾತನೂ ಹೋದ. ನರ್ಸಮ್ಮನ ತೋಟ ಕೊಂಡವರು ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಾಕಿದ್ದಾರೆ. ಹುಳದ ಮನೆಯಲ್ಲಿ ಈಗ ಔಷಧಿ ಹೊಡೆಯುವ ಮೆಷಿನ್ನು, ಗೊಬ್ಬರದ ಚೀಲ. ಭಾನುವಾರ ಮಧ್ಯಾಹ್ನ ಹೋಗಿ ಕೂರಲು ನನಗೆ ಎಲ್ಲೂ ಜಾಗವಿಲ್ಲ, ಜೊತೆಗೆ ಕೂರುವವರೂ ಇಲ್ಲ.

ಅದಕ್ಕೇ ಚರ್ಚಿಗೆ ಹೋಗುತ್ತೇನೆ. ತಿಂಗಳ ಮೊದಲ ಭಾನುವಾರ ಬಸ್ಸು ಹತ್ತಿ ಹೋಗಿ, ಎಲ್ಲರ ಜೊತೆ ಮುಂದೆ ನಡೆದು, ಅವರು ಮಂಡಿಯೂರುತ್ತಿದ್ದ ಜಾಗದಲ್ಲೇ ಮಂಡಿಯೂರುತ್ತೇನೆ. ಕೈ ಚಾಚುವುದಿಲ್ಲ. ಹಳೆಯ ಅಯ್ಯನವರು ವರ್ಗವಾಗಿ ಹೋದರು. ಹೊಸಬರು ಹುಡುಗು ವಯಸ್ಸಿನವರು. ಮೊದಲ ಸಲ ನನ್ನ ಮುಂದೆ ನಿಂತು, "ದೀಕ್ಷಾಸ್ನಾನ ಆಗಿದೆಯಾ ಅಮ್ಮ?" ಎಂದು ಕೇಳಿದರು.

"ಇಲ್ಲ" ಅಂದೆ.

"ಆಗ್ಬೇಕು ಅಂತಿದೀರಾ?"

"ಇಲ್ಲ."

"ಮತ್ತೆ ಇಲ್ಲಿ..."

"ಇದು ನರ್ಸಮ್ಮನ ಜಾಗ. ಕೊಡೋವರ್ಗೂ ಕಾಯ್ತೀನಿ ಅಂದಿದ್ರು. ಅವರ ಪರವಾಗಿ ಕಾಯ್ತಾ ಇದೀನಿ."

ಅವರು ಬಟ್ಟಲು ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಪಕ್ಕದವರ ಕಡೆ ಹೋದರು. ಈಗ ಅವರು ಏನೂ ಕೇಳುವುದಿಲ್ಲ. ನನ್ನ ಮುಂದೆ ಬಂದಾಗ ಮಾತ್ರ ಹೆಜ್ಜೆ ತಡೆಯುತ್ತದೆ, ಪ್ರತಿ ತಿಂಗಳೂ. ಕೊಟ್ಟರೂ ತೆಗೆದುಕೊಳ್ಳುವವರು ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಗೊತ್ತಿದ್ದೇ ಹೋಗುತ್ತೇನೆ. ಅಯ್ಯನವರು ಪ್ರತಿ ಸಲವೂ ಆ ಜಾಗವನ್ನು ನೋಡಿಕೊಂಡೇ ದಾಟಿ ಹೋಗಲಿ.