ಬೊಜ್ಜಿನ ಜೊತೆ ಬಲವೂ ಕರಗಿದ ಬಗೆ

“ಹೊಟ್ಟಿ ಇಳೀಬೇಕಂದ್ರ ಮುದ್ದಿ ಬಿಡ್ರಿ, ಒಪ್ಪತ್ತು ಉಣ್ರಿ, ನಡೀರಿ. ಐವತ್ತು ದಾಟಿದ ಮ್ಯಾಲ ಭಾರ ಎತ್ತಬ್ಯಾಡ್ರಿ.”

ವೈದ್ಯರ ಮಾತೆಂದು ಈ ಉಪದೇಶವನ್ನು ಹೇಳದ ಚಹಾದಂಗಡಿ ರಾಯದುರ್ಗದಲ್ಲಿಲ್ಲ. ಮಡಕಶಿರ ಸೀಮೆಯ ಅಮರಾಪುರದ ಕಡೆಯಿಂದ ಬಂದ ನನಗೆ ಮೊದಲು ವಿಚಿತ್ರವೆನಿಸಿದ್ದು ಅದರ ‘ರಿ’. ಊರಲ್ಲಿ ಯಾರೂ ನನ್ನನ್ನು ಹಾಗೆ ಮಾತಾಡಿಸಿರಲಿಲ್ಲ. ಬೆನ್ನ ಹಿಂದೆ ಬೇರೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ್ದುಂಟು. ಎರಡನೆಯ ವಿಚಿತ್ರ ನನ್ನ ಹೊಟ್ಟೆ. ಅಲ್ಲಿ ಕುರಿಗಳ ಹಿಂದೆ ನಡೆಯುವಾಗ ಅದು ಹಸಿದರೆ ಮಾತ್ರ ನೆನಪಾಗುತ್ತಿತ್ತು. ಇಲ್ಲಿ ಬಾಗಿದರೆ ಮೇಜಿಗೆ ಮೊದಲು ತಾಗುವುದು ಅದೇ.

ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನನ್ನದು ಕಟಿಂಗ್ ಮೇಜಿನ ಕೆಲಸ. ಬಟ್ಟೆಯ ದೊಡ್ಡ ಸುರುಳಿಗೆ ಇಲ್ಲಿ ‘ಥಾನು’ ಎನ್ನುತ್ತಾರೆ. ಅದನ್ನು ಹೆಗಲ ಮೇಲೆ ತಂದು, ಮೇಜಿನುದ್ದಕ್ಕೂ ಪದರ ಪದರವಾಗಿ ಹಾಸಿ ಕತ್ತರಿಸಬೇಕು. ಥಾನು ಎತ್ತಲಾರದವನನ್ನು ದಾರ ಕತ್ತರಿಸುವ ಮೂಲೆಯಲ್ಲಿ ದಿನವಿಡೀ ಕೂರಿಸುತ್ತಾರೆ. ವೈದ್ಯರು ಸಕ್ಕರೆ ಕಾಯಿಲೆ ಕಂಡು ಬೊಜ್ಜು ಇಳಿಸಲು ಹೇಳಿದಾಗ ನನಗಿದ್ದ ಇಕ್ಕಟ್ಟು ಇದು: ಹೊಟ್ಟೆ ಹೋಗಬೇಕು, ಮೇಜು ಉಳಿಯಬೇಕು.

ಎಲ್ಲರೂ ಹೇಳಿದಂತೆ ನಡೆದೆ. ಮುದ್ದೆ ಬಿಟ್ಟೆ. ಮುದ್ದೆಯಿಲ್ಲದೆ ಹುರುಳಿ ಸಾರು ಉಣ್ಣುವುದು ನಮ್ಮವರಿಗೆ ಗೊತ್ತಿಲ್ಲ, ಹಾಗಾಗಿ ಅದನ್ನೂ ಬಿಟ್ಟಂತಾಯಿತು. ಉಳಿದದ್ದು ಚಹಾ ಮತ್ತು ಉಗ್ಗಾಣಿ, ಅಂದರೆ ಇಲ್ಲಿಯವರ ಮಂಡಕ್ಕಿ ಒಗ್ಗರಣೆ. ಥಾನು ಎತ್ತುವುದನ್ನು ಜೊತೆಗಾರ ತಿಪ್ಪೇಸ್ವಾಮಿಗೆ ಒಪ್ಪಿಸಿ, ಸಂಜೆ ನಡೆದೆ. ಹೊಟ್ಟೆ ಇಳಿಯಿತು. ಎಲ್ಲರೂ ಮೆಚ್ಚಿದರು.

ಮೆಚ್ಚದವಳು ಊರಲ್ಲಿರುವ ಅಕ್ಕ. ನಾನು ಹೋದ ದಿನ ಅವಳ ಟಗರಿಗೆ ಗಿರಾಕಿ ಬಂದಿದ್ದ. ನಮ್ಮ ಮನೆಗಳಲ್ಲಿ ಇದಕ್ಕೆ ತಕ್ಕಡಿ ಹಿಡಿಯುವುದಿಲ್ಲ. ಮನೆಯ ಗಂಡಸು ಟಗರನ್ನು ತಬ್ಬಿ ನೆಲದಿಂದೆತ್ತಿ ತೂಕ ಹೇಳಬೇಕು. ನಾನು ತಬ್ಬಿದೆ. ಟಗರು ನೆಲ ಬಿಡಲಿಲ್ಲ.

“ಅದೇನೋ, ಟಗರ್ನ ಮುದ್ದಾಡ್ತಾ ನಿಂತಿದೀಯಾ?” ಎಂದಳು ಅಕ್ಕ. ನನ್ನನ್ನು ಸರಿಸಿ, ತಾನೇ ಎತ್ತಿ, ತೂಕ ಹೇಳಿ ಇಳಿಸಿದಳು. ಆಮೇಲೆ ನನ್ನ ತೋಳು ಹಿಡಿದು ನೋಡಿದಳು. “ಒಟ್ಟೆ ಕರಗ್ಸು ಅಂದ್ರೆ ಮೈಯೆಲ್ಲಾ ಕರಗಿಸ್ಕೊಂಡ್ ಬಂದವ್ನೆ. ಆ ರಾಯದುರ್ಗದಾಗೆ ನಿಂಗೇನ್ ಇಕ್ತಾರೋ?”

ನನಗಿಂತ ಹಿರಿಯಳು, ದಿನವೂ ಮುದ್ದೆ ಉಂಡವಳು, ಬೊಜ್ಜಿಲ್ಲ. ಆದರೂ ಒಬ್ಬರ ಸಾಕ್ಷಿ ಸಾಲದು. ಮರಳಿದವನೇ ವೈದ್ಯರನ್ನು ಕೇಳಿದೆ: ಭಾರ ಎತ್ತಬಾರದೆಂದು ಹೇಳಿದ್ದಿರಾ?

“ನಾನೆಲ್ಲಿ ಹೇಳೀನ್ರಿ ಯಜಮಾನ್ರ? ಊಟ ಕಮ್ಮಿ ಮಾಡ್ರಿ ಅಂದೆ. ಬ್ಯಾಳಿ ಕಾಳು ಬಿಟ್ಟು, ಭಾರಾನೂ ಬಿಟ್ರ, ಬೊಜ್ಜಿನ ಜತಿ ಮಾಂಸಖಂಡನೂ ಹೋಗ್ತದ.”

ಅಂದರೆ ಚಹಾದಂಗಡಿಯವರು ವೈದ್ಯರದೆಂದು ಹೇಳುತ್ತಿದ್ದ ಮಾತಿನಲ್ಲಿ ಅರ್ಧದಷ್ಟು ಅವರೇ ಸೇರಿಸಿದ್ದು. ಮುದ್ದೆ ಚಿಕ್ಕದಾಗಿ ತಟ್ಟೆಗೆ ಮರಳಿತು. ಹುರುಳಿ ಸಾರು, ಮೊಟ್ಟೆ ಹೆಚ್ಚಿದವು. ಉಗ್ಗಾಣಿ ಅಪರೂಪವಾಯಿತು. ಮೊದಲು ಅರ್ಧ ಮುಗಿದ ಥಾನುಗಳನ್ನು ಮಂಡಿ ಬಗ್ಗಿಸಿ ಎತ್ತಿದೆ.

“ಬಿಡ್ರಿ, ಸೊಂಟ ಮುರ್ಕೊಂಡ್ರ ಥಾನಿನ ಜತಿ ನಿಮ್ಮನ್ನೂ ನಾನೇ ಹೊರಬೇಕು,” ಎಂದ ತಿಪ್ಪೇಸ್ವಾಮಿ.

ತಿಂಗಳುಗಳು ಹಿಡಿದವು. ತೂಕದ ಯಂತ್ರದ ಮುಳ್ಳು ಹೆಚ್ಚೇನೂ ಅಲುಗಲಿಲ್ಲ. ಅದನ್ನಷ್ಟೇ ನಂಬಿದ್ದರೆ ಸೋತೆನೆಂದುಕೊಳ್ಳಬೇಕಿತ್ತು. ಸಕ್ಕರೆ ಹತೋಟಿಗೆ ಬಂತು. ತುಂಬಿದ ಥಾನು ಮತ್ತೆ ಹೆಗಲೇರಿತು. ಮೇಜು ನನಗೇ ಉಳಿಯಿತು.

ಊರಲ್ಲೀಗ ನಾನು ‘ರಾಯದುರ್ಗದೋನು’, ಇಲ್ಲಿ ‘ಮಡಕಶಿರದ ಯಜಮಾನ್ರು’. ಬೊಜ್ಜು ಹೋಗಿ ಬಲ ಮರಳಿತೆಂಬ ನನ್ನ ಬಾಯಿಮಾತನ್ನು ಎರಡೂ ಕಡೆ ಸುಲಭಕ್ಕೆ ನಂಬುವವರಿಲ್ಲ. ನಂಬಬೇಕೆಂದು ನಾನೂ ಕೇಳುವುದಿಲ್ಲ. ಶೆಡ್ಡಿನಲ್ಲೇ ಹೊಲಿಸಿದ ನನ್ನ ಹಳೆಯ ಜೀನ್ಸ್ ಪ್ಯಾಂಟು ಬಾಡಿಗೆ ಕೋಣೆಯ ಗೂಟದಲ್ಲಿದೆ. ಅದರ ಸೊಂಟವನ್ನು ಎರಡು ಸಲ ಒಳಗೆ ಹಿಡಿಸಿದ್ದೇನೆ. ತೊಡೆಯ ಹೊಲಿಗೆಯನ್ನು ಬಿಚ್ಚಿ ಅಗಲ ಮಾಡಿಸಿದ್ದೇನೆ. ಮಡಿಕೆಯೊಳಗೆ ಬಣ್ಣ ಮಾಸದೆ ಉಳಿದಿದ್ದ ಬಟ್ಟೆ ಅಲ್ಲಿ ಕಡುನೀಲಿ ಪಟ್ಟಿಯಾಗಿ ಹೊರಗೆ ಕಾಣುತ್ತದೆ. ಯಾರು ಬೇಕಾದರೂ ಬಂದು ತಿರುವಿ ನೋಡಬಹುದು.