ಗಾಜಿನ ಬೀರುವಿನಲ್ಲಿ ಇನ್ವರ್ಟರ್

ಸುಲ್ತಾನ್ ಬತ್ತೇರಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಬಂದೊದಗಿದ ದೊಡ್ಡ ಕಷ್ಟವೆಂದರೆ, ಪಾಠ ಕೇಳಲು ಯಾರೂ ಇಲ್ಲದ್ದು. ಹಾಗಾಗಿ ತಾರಸಿಯ ಮೇಲೆ ಸೋಲಾರ್ ಹಾಕಿಸಿದೆ.

ಫಲಕ ಬಿಸಿಲು ಕುಡಿದು ಕೊಡುವುದು ಒಂದು ಬಗೆಯ ಕರೆಂಟು. ನಮ್ಮ ಮಿಕ್ಸಿಗೆ ಬೇಕಾದ್ದು ಇನ್ನೊಂದು ಬಗೆಯದು. ಅದನ್ನು ಇದಾಗಿ ಮಾಡುವುದು ಇನ್ವರ್ಟರ್. ಮಾಡುವಾಗ ಸ್ವಲ್ಪ ಶಾಖವಾಗಿ ಸೋರಿಹೋಗುತ್ತದೆ. ನನ್ನದು ತೀರಾ ಕಡಿಮೆ ಸೋರುವ ಹೊಸ ಮಾದರಿ. ಇಂಥದ್ದನ್ನು ಹಿತ್ತಲ ಗೋಡೆಗೆ ತೂಗುಹಾಕಿದರೆ ನೋಡುವವರು ಯಾರು? ಅಳವಡಿಸಲು ಬಂದವನು ಬೇಡವೆಂದರೂ ಕೇಳದೆ, ನಡುಮನೆಯಲ್ಲಿ ಗಾಜಿನ ಬೀರು ಮಾಡಿಸಿ ಅದರೊಳಗೆ ಕೂರಿಸಿದೆ. ಮನೆಗೆ ಬಂದವರಿಗೆ ಮೊದಲು ದಕ್ಷತೆಯ ಪಾಠ, ಆಮೇಲೆ ಕಾಫಿ. ಕೆಲವರು ಕಾಫಿ ಬಿಟ್ಟೇ ಎದ್ದು ಹೋದರು.

ಬೇಸಿಗೆ ಬಂತು. ಬಿಸಿಲು ಉರಿಯುವ ನಡುಮಧ್ಯಾಹ್ನವೇ ಕರೆಂಟು ಅರ್ಧಕ್ಕಿಳಿಯತೊಡಗಿತು. ನಾನು ಧೂಳನ್ನು ಬೈದೆ, ಇಲ್ಲದ ಮೋಡವನ್ನು ಬೈದೆ, ನನ್ನಾಕೆ ತಾರಸಿಯಲ್ಲಿ ಒಣಹಾಕಿದ್ದ ಕರಿಮೆಣಸೇ ಕಾರಣವೆಂದು ಅದನ್ನೂ ಕೆಳಗಿಳಿಸಿದೆ. ಆದರೂ ಕರೆಂಟು ಏರಲಿಲ್ಲ. ಕೊನೆಗೆ ಸೋಲಾರ್ ಕಂಪನಿಗೆ ದೂರು ಕೊಟ್ಟೆ.

ರಿಪೇರಿಗೆ ಬಂದವಳು ಬಿಂದು. ಮುತ್ತಂಗದ ಕಾಡಂಚಿನ ಹಾಡಿಯವಳು, ನನ್ನ ಹಳೆಯ ವಿದ್ಯಾರ್ಥಿನಿ, ನನ್ನನ್ನು ಈಗಲೂ ಮಾಷೆ, ಅಂದರೆ ಮೇಷ್ಟ್ರೇ, ಎಂದು ಕರೆಯುವವಳು. ಬೀರುವಿನ ಗಾಜಿಗೆ ಅಂಗೈ ಒತ್ತಿ, ಬಿಸಿ ತಾಗಿ ತಟ್ಟನೆ ತೆಗೆದಳು.

"ಇದ ಯಾಕೆ ಒಳಗೆ ಮಡಗಿದ್ದೀರಿ, ಮಾಷೆ? ಚೂಡು ಹೋಗಕೆ ದಾರಿನೇ ಇಲ್ಲ. ಸುಟ್ಟೋಗಬಾರದು ಅಂತ ತಾನೇ ಕೆಲಸ ಕಮ್ಮಿ ಮಾಡ್ಕತ್ತಾ ಅದೆ."

ನಾನು ಉಷ್ಣಪ್ರಸರಣದ ಬಗ್ಗೆ ಒಂದು ವಿವರಣೆ ಆರಂಭಿಸಿದೆ. ಅವಳು ವಿನಯದಿಂದ ಹೂಂಗುಡುತ್ತಲೇ ತಿರುಪು ಬಿಚ್ಚಿದಳು. ಅಷ್ಟರಲ್ಲಿ ನನಗೊಂದು ನೆನಪು ಬಂತು. ಹತ್ತನೇ ತರಗತಿಯಲ್ಲಿ ಇದೇ ಹುಡುಗಿ, ರೇಡಿಯೋದ ಅಡಾಪ್ಟರ್ ಯಾಕೆ ಬಿಸಿಯಾಗುತ್ತದೆ, ಆ ಬಿಸಿ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಳು. ಪರೀಕ್ಷೆಗೆ ಬರುವುದನ್ನಷ್ಟೇ ಕೇಳು ಎಂದು ಕೂರಿಸಿದ್ದೆ. ಆಮೇಲೆ ಅವಳು ನನ್ನ ತರಗತಿಯಲ್ಲಿ ಕೈ ಎತ್ತಿದ್ದಿಲ್ಲ. ಉತ್ತರವನ್ನು ಬೇರೆಲ್ಲೋ ಕಲಿತು, ಈಗ ನನ್ನ ಮನೆಗೇ ತಂದಿದ್ದಳು.

ಇನ್ವರ್ಟರ್ ಗಾಳಿಯಾಡುವ ಹಿತ್ತಲ ಜಗಲಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಅದರ ಪರದೆಯ ಅಂಕಿ ಮೇಲೇರಿತು. ನನ್ನಾಕೆ ಮೆಣಸನ್ನು ನನ್ನ ಕಣ್ಣೆದುರೇ ಮತ್ತೆ ತಾರಸಿಗೆ ಹೊತ್ತಳು.

ಹೊರಡುವ ಮುನ್ನ ಬಿಂದು ಮೊಬೈಲ್ ಮುಂದೆ ಹಿಡಿದಳು. ಕೆಲಸಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಗಿರಾಕಿ ಒತ್ತಬೇಕಂತೆ. ನನ್ನ ಬೆರಳು ತನ್ನಷ್ಟಕ್ಕೆ ಒಂಬತ್ತರ ಮೇಲೆ ಹೋಗಿ ಕೂತಿತು.

"ಒಂದು ಎಲ್ಲಿ ಹೋಯ್ತು, ಮಾಷೆ?"

ದನಿಯಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಹೀಗೆ ಎಷ್ಟು ಮಕ್ಕಳ ಒಂದೊಂದು ಅಂಕವನ್ನು ನಾನು ಕಳೆದಿದ್ದೇನೋ, ಲೆಕ್ಕ ಇಟ್ಟವನಲ್ಲ.

"ಅದು ನನ್ನೊಳಗೇ ಬಿಸಿಯಾಗಿ ಹೋಯ್ತು ಕಣಮ್ಮ" ಎಂದು ಹತ್ತನ್ನು ಒತ್ತಿದೆ.