ಟ್ರೇಲರಿನ ನೀರು ಕಾಯುತ್ತಿದ್ದ ಆಯಿ

ಹಾಲಿನ ಕ್ಯಾನಿನೊಳಗೆ ಭುಜದವರೆಗೂ ಬಲಗೈ ಇಳಿಸಿ, ಕೆನ್ನೆಯನ್ನು ಅದರ ಕಂಠಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಬೆರಳುಗಳು ತಳದಲ್ಲಿ ಏನನ್ನೋ ಹುಡುಕುತ್ತಿದ್ದವು. ಕೈ ಹೊರಗೆ ಬಂದ ಮೇಲೆ ಐದೂ ಬೆರಳನ್ನು ಒಂದೊಂದಾಗಿ ಮೂಸಿದರು. ನನ್ನ ತಲೆಯಲ್ಲಿ ಎದುರುಮನೆಯ ಆಯಿ ಈಗಲೂ ಹೀಗೇ ಕೂತಿದ್ದಾರೆ. ಅಂದು ಅವರ ಸೀರೆ ಹಸಿರಾಗಿತ್ತು ಎಂದು ಬರೆಯಲು ಹೊರಟು ಕೈ ತಡೆದೆ. ಬಣ್ಣವನ್ನು ನಾನೇ ಆಮೇಲೆ ತುಂಬಿರಬಹುದು.

ಸದಲಗಾದ ಆ ಓಣಿಯಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಶಾಲೆಯ ಮಾಸ್ತರ. ನಮ್ಮ ಪಡಸಾಲೆಯ ಗೋಡೆಗೆ ಬುದ್ಧನ ಫೋಟೋ ಇತ್ತು. ಅದನ್ನು ನೋಡಿದವರಿಗೆ ನಮ್ಮ ಜಾತಿ ಕೇಳುವ ಕೆಲಸ ಉಳಿಯುತ್ತಿರಲಿಲ್ಲ. ಎದುರಿನದು ಕಬ್ಬು, ಎಮ್ಮೆ, ಟ್ರ್ಯಾಕ್ಟರ್ ಇದ್ದ ಜೈನರ ಮನೆ. ಆಯಿಯ ಮಗ ಅಪ್ಪನ ಗೆಳೆಯ. ಪ್ರತಿ ವರ್ಷ ಕಬ್ಬು ಕಾರ್ಖಾನೆಗೆ ಹೋಗಿ ಮುಗಿದ ಮೇಲೆ ಆ ಮನೆಯವರು ಟ್ರೇಲರಿಗೆ ಬಿದಿರಿನ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿ, ಒಳಗೆ ಕಬ್ಬಿನ ಒಣ ಎಲೆಯ ರವದಿ ಹಾಸಿ, ಐದಾರು ದಿನ ಬಸದಿಗಳ ದರ್ಶನಕ್ಕೆ ಹೋಗುತ್ತಿದ್ದರು. ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ನಾನು ಪಿಯುಸಿ ಮುಗಿಸಿದ ವರ್ಷ ಮಗ ಬಂದು, "ಗಾಡ್ಯಾಗ ಜಾಗಾ ಐತಿ, ಬರ್ರಿ ಮಾಸ್ತರ. ವೈನೀನೂ ಕರ್ಕೊಂಡ ಬರ್ರಿ" ಅಂದ. ಅಪ್ಪನಿಗೆ ಊರು ನೋಡುವ ಹುಚ್ಚು. ಅವ್ವ ಕೇಳಿದ್ದು ಒಂದೇ ಮಾತು: "ನೀರು ಯಾರ ಕೊಡವ್ರು?"

ಯಾಕೆ ಕೇಳಿದಳೆಂದು ಅಪ್ಪನಿಗೂ ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ಗೂಟದ ಮೇಲೆ ಬೇರೆ ಇಟ್ಟ ಲೋಟದಲ್ಲಿ ಅವ್ವ ಚಹ ಕುಡಿದಿದ್ದಳು, ಕುಡಿದು ತಾನೇ ತೊಳೆದಿಟ್ಟು ಬಂದಿದ್ದಳು.

ನೀರು ಕೊಡುವವರು ಆಯಿ. ಹೊರಡುವ ಎರಡು ದಿನ ಮೊದಲು ಅಂಗಳದಲ್ಲಿ ಪಾತ್ರೆಗಳ ವಿಚಾರಣೆ ನಡೆಯಿತು. ಮಣ್ಣಿನ ಹರವಿಗೆ ಮೊದಲೇ ಶಿಕ್ಷೆಯಾಯಿತು, "ಚಿಕ್ಕೋಡಿ ಮುಟ್ಟೂದ್ರಾಗ ಒಡೀತೈತಿ." ತಾಮ್ರದ ಕೊಡ ತಳದಲ್ಲಿ ನೆಗ್ಗಿತ್ತು, ನೆಗ್ಗಿನ ಸಂದಿಯಲ್ಲಿ ಹೋದ ವರ್ಷದ ನೀರು ಇದೆಯೆಂದು ಅವರ ಗುಮಾನಿ. ತಗಡಿನ ಡಬ್ಬಿಯಲ್ಲಿ ಎಣ್ಣೆ ಇತ್ತೆಂದು ನೋಡದೆಯೇ ಹೇಳಿದರು.

ಮಗ ನಕ್ಕ. "ಆಯಿ, ಐದ ದಿನದ ಟ್ರಿಪ್ ಐತಿ. ಮಿಲಿಟ್ರಿಗೆ ನೀರ ಕಳಸಾಕತ್ತಿಲ್ಲ."

"ಮಿಲಿಟ್ರ್ಯಾವ್ರಿಗೆ ಹೊಟ್ಟಿ ಬ್ಯಾರೆ ಇರ್ತೈತೇನ್ಲೇ? ಸುಮ್ನ ಕುಂಡ್ರು."

ಅಪ್ಪ ನಿಪ್ಪಾಣಿಯ ಸಂತೆಯಿಂದ ತಂದ ಬಿಳಿ ಪ್ಲಾಸ್ಟಿಕ್ ಕ್ಯಾನನ್ನು ಹೆಮ್ಮೆಯಿಂದ ಮುಂದಿಟ್ಟ. ಇಪ್ಪತ್ತು ಲೀಟರ್, ನೀಲಿ ಬಿರಡೆ. ಆಯಿ ಬಿರಡೆ ತೆಗೆದು ಮೂಗು ಹಚ್ಚಿದರು.

"ಮಾಸ್ತರ, ಇದರಾಗ ಮೊದಲ ಏನಿತ್ತು?"

"ಏನಿಲ್ರಿ ಆಯಿ, ಹೊಸಾದು."

"ಹೊಸಾದಕ್ಕ ಇಷ್ಟ ವಾಸನಿ ಯಾಕ? ಬೆಳಿಗೆ ಹೊಡಿಯೂ ಎಣ್ಣಿ ತುಂಬಿದ್ದನ್ನ ತೊಳದು ಮಾರ್ತಾರ. ನನ್ನ ಕೈ ಹೋಗದ ಪಾತ್ರಿ ನಾ ನಂಬಂಗಿಲ್ಲ. ಕಾಲ ತೊಳ್ಯಾಕ ಇರಲಿ ತಗೋರಿ."

ಕಡೆಗೆ ಗೆದ್ದದ್ದು ಎರಡು ಹಾಲಿನ ಕ್ಯಾನು. ಬಾಯಿ ಅಗಲ, ಕೈ ತಳ ಮುಟ್ಟುತ್ತದೆ, ಸೋಸುವ ಬಟ್ಟೆ ಕಟ್ಟಲು ಬರುತ್ತದೆ. ಹುಣಸೆಹಣ್ಣು, ಬೂದಿ, ಕುದಿಯುವ ನೀರು, ಮತ್ತೆ ಬೂದಿ. ತಿಕ್ಕಿದ ಕ್ಯಾನುಗಳಲ್ಲಿ ಇಡೀ ದಿನ ನೀರು ನಿಲ್ಲಿಸಿ, ಮಗನಿಗೆ ಮೊದಲು ಕುಡಿಸಿ, ಅವನ ಮುಖವನ್ನೇ ನೋಡುತ್ತ ನಿಂತಿದ್ದರು.

ಮನೆಗೆ ಬಂದು ಅವ್ವ ಅಪ್ಪನಿಗೆ ಹೇಳಿದಳು, "ನಮ್ಮ ಕ್ಯಾನಿನ ನೀರ ಕಾಲ ತೊಳ್ಯಾಕಂತ. ತಿಳೀತೇನ ನಿಮಗ?"

"ಪ್ಲಾಸ್ಟಿಕ್ಕಿಗೆ ಅಂದ್ರಲೇ, ನಮಗಲ್ಲ."

"ನಿಮಗ ಎಲ್ಲಾ ಪ್ಲಾಸ್ಟಿಕ್ಕಿಗೇ ಅಂದಂಗ ಕೇಳಸ್ತೈತಿ."

ಅವ್ವ ನಮ್ಮ ಕ್ಯಾನು ತುಂಬಿಸಿದಳು. ನಮ್ಮ ಮೂರು ಸ್ಟೀಲ್ ಲೋಟ ಚೀಲಕ್ಕೆ ಹಾಕಿದಳು.

ಟ್ರೇಲರಿನಲ್ಲಿ ಎರಡು ನೀರು ಹೊರಟವು. ಮೊದಲ ಮಧ್ಯಾಹ್ನವೇ ನಮ್ಮ ಕ್ಯಾನು ಬಿಸಿಲಿಗೆ ಕಾದು, ನೀರು ಟೈರಿನ ಹಾಗೆ ನಾತ ಹೊಡೆಯಿತು. ಅಪ್ಪ ಕದ್ದು ಆಯಿಯ ಹತ್ತಿರ ಹೋಗಿ ಕುಡಿದು ಬಂದ. ಆಯಿ ಉದ್ದ ಹಿಡಿಕೆಯ ಸವಟಿನಿಂದ ಮೇಲಿನಿಂದ ಸುರಿಯುತ್ತಿದ್ದರು. ಎಲ್ಲರಿಗೂ ಹಾಗೇ ಸುರಿಯುತ್ತಿದ್ದರು ಎಂದು ಅಪ್ಪ ಕಡೆಯವರೆಗೂ ವಾದಿಸಿದ. ನಮಗಷ್ಟೇ ಎಂದು ಅವ್ವ. ನಾನು ಎರಡನ್ನೂ ಕಂಡಂತೆ ನೆನಪಿಟ್ಟುಕೊಂಡಿದ್ದೇನೆ. ಒಂದಂತೂ ಸುಳ್ಳು.

ಕ್ಯಾನುಗಳ ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಹಿತ್ತಾಳೆಯ ಗಿಂಡಿ ಇತ್ತು, ಕೆಂಪು ಬಟ್ಟೆ ಸುತ್ತಿದ್ದು. ಗಾಡಿ ನಿಂತಲ್ಲೆಲ್ಲ ಆಯಿ ಅದಕ್ಕೆ ಸ್ವಲ್ಪ ನೀರು ಹಾಕುತ್ತಿದ್ದರು. ಅದರಿಂದ ಯಾರೂ ಕುಡಿಯುತ್ತಿರಲಿಲ್ಲ. ನಾನು ಹತ್ತಿರ ಸರಿದಾಗ, "ತಂಗಿ, ಅದನ್ನ ಮುಟ್ಟಬ್ಯಾಡ" ಅಂದರು. ಅವ್ವ ಅದನ್ನು ಕೇಳಿಸಿಕೊಂಡಳು.

ಎರಡನೆಯ ದಿನ, ರಾಯಬಾಗ ದಾಟಿ ಕುಡಚಿಯ ಈಚೆ, ಬೇವಿನ ಗಿಡದ ಕೆಳಗೆ ನಿಂತೆವು. ಬೆಳಗಿನಿಂದ ಅವ್ವ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ತುಟಿ ಬೆಳ್ಳಗಾಗಿತ್ತು. ನಮ್ಮ ಕ್ಯಾನಿನ ನೀರು ಬಾಯಿಗಿಟ್ಟರೆ ಮತ್ತೆ ವಾಂತಿ. ಅಪ್ಪ ಬೇಡಿಕೊಂಡರೂ ಆ ಕಡೆಯ ನೀರು ಮುಟ್ಟಲೊಲ್ಲಳು. ಅವಳಿಗೆ ಏನಾಗುತ್ತದೋ ಎಂದು ನಾನು ಅಳುತ್ತಿದ್ದೆ.

"ಬಾಯೀಗೆ ನೀರ ಕೊಡೂನು ತಡೀರಿ" ಎನ್ನುತ್ತ, ಅವ್ವನನ್ನು ಬಾಯಿ ಎಂದೇ ಕರೆಯುತ್ತಿದ್ದ ಆಯಿ ಟ್ರೇಲರಿನ ಅಂಚಿನ ಕಡೆ ಬಾಗಿ ಕೈ ಚಾಚಿದರು. ಆ ಕೈ ಕ್ಯಾನಿನ ಕಡೆ ಹೋಗುತ್ತಿತ್ತೋ ಗಿಂಡಿಯ ಕಡೆಯೋ, ಅವ್ವ ಕಾಯಲಿಲ್ಲ. ಎದ್ದು ಗಿಂಡಿ ಕಸಿದು, ಮುಚ್ಚಳ ಎಸೆದು, ನೀರನ್ನೆಲ್ಲ ರಸ್ತೆಯ ಧೂಳಿಗೆ ಚೆಲ್ಲಿದಳು.

"ಏನ ಮಾಡಿದ್ಯೇ ಬಾಯಿ!"

"ಬ್ಯಾರೆ ಇಟ್ಟ ನೀರ ನಾವು ಕುಡಿಯಂಗಿಲ್ರಿ ಆಯಿ. ನೀರಡಿಕಿಲೆ ಸತ್ತರೂ ಕುಡಿಯಂಗಿಲ್ಲ."

ಮಗ ಓಡಿ ಬಂದ. "ಅಯ್ಯ ವೈನಿ, ಅದು ಕುಡ್ಯಾಕ ಇಟ್ಟಿದ್ದಲ್ರಿ! ಬಟ್ಟಿ ತೊಳದ ನೀರು!"

ಅವನು ತಡವರಿಸುತ್ತ ವಿವರಿಸಿದ. ತಮ್ಮ ಬಾವಿಯ ನೀರನ್ನು ಆಯಿ ಹೊತ್ತುಹೊತ್ತಿಗೆ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಆ ನೀರಿನಿಂದಲೇ ತೊಳೆದು ಗಿಂಡಿಯಲ್ಲಿ ಕೂಡಿಡುತ್ತಾರೆ. ಊರಿಗೆ ಮರಳಿದ ಮೇಲೆ ಅದೇ ಬಾವಿಗೆ ಇಳಿಸಿ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಬದುಕುವುದಿಲ್ಲ, ನೆಲಕ್ಕಂತೂ ಚೆಲ್ಲಲೇಬಾರದು.

ಆಯಿ ಒದ್ದೆ ಧೂಳಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಲೆ ನಮ್ಮ ಕಣ್ಣೆದುರೇ ಆರುತ್ತಿತ್ತು. ಅವ್ವ ಗಿಂಡಿ ಹಿಡಿದು ನಿಂತೇ ಇದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಆಯಿ ಎದ್ದು ಕ್ಯಾನಿನ ನೀರು ತುಂಬಿ ಅವ್ವನ ಕೈಗೇ ಲೋಟ ಕೊಟ್ಟರು. ಅವ್ವ ಕುಡಿದಳು. ಅದು ಆಯಿಯ ಸ್ವಂತ ಹಿತ್ತಾಳೆಯ ಲೋಟ ಎಂದು ನನ್ನ ನೆನಪು. ನಮ್ಮ ಸ್ಟೀಲ್ ಲೋಟ ಎಂದು ಅಪ್ಪ. ಅವ್ವನನ್ನು ಕೇಳಿದರೆ, "ಕಣ್ಣಿಗೆ ಕತ್ತಲಿ ಬಂದಿತ್ತು, ಲೋಟಾ ಯಾರ ನೋಡ್ಯಾರ" ಎನ್ನುತ್ತಿದ್ದಳು. ಆ ದಿನವೆಲ್ಲ ಆಯಿ ಉಪವಾಸ ಮಾಡಿದರು.

ಈ ಕಥೆಯನ್ನು ಅಪ್ಪ ಮುಂದೆ ಎಷ್ಟೋ ಜನರಿಗೆ ಹೇಳಿದ. ಪ್ರತಿ ಸಲವೂ ಅದು ಅವ್ವನ ತಪ್ಪು ತಿಳಿವಳಿಕೆಯ ಕಥೆ. ಕೇಳಿದವರು ನಗುತ್ತಿದ್ದರು. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಆ ನಗುವಿನ ಮೇಲೆ ನನಗೆ ಅನುಮಾನವಿತ್ತು. ಗಿಂಡಿಯ ವಿಷಯದಲ್ಲಿ ತಪ್ಪಿದವಳು ಎಲ್ಲದರಲ್ಲೂ ತಪ್ಪಿದ್ದಳೇ?

ತೊಂಬತ್ತರ ದಶಕದಲ್ಲಿ ನಾನು ನಿಪ್ಪಾಣಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಆಯಿ ಸಲ್ಲೇಖನ ವ್ರತ ಹಿಡಿದು ಅನ್ನ ಬಿಟ್ಟಿದ್ದಾರೆ, ಇನ್ನು ನೀರಷ್ಟೇ, ಕೆಲವು ದಿನಕ್ಕೆ ಅದನ್ನೂ ಬಿಡುತ್ತಾರೆ ಎಂದು ಗೊತ್ತಾಯಿತು. ಊರಿಗೆ ಬಂದೆ. ಅವ್ವ ಬರಲಿಲ್ಲ. ಒಬ್ಬಳೇ ಹೋಗಿ ಚಾಪೆಯ ಪಕ್ಕ ಕೂತೆ. ಕೇಳಬಾರದ ಸಮಯದಲ್ಲಿ ಕೇಳಿದೆ.

"ಆಯಿ, ಅವತ್ತ ಅವ್ವ ಗಿಂಡಿ ಚೆಲ್ಲದಿದ್ರ ಯಾವ ಲೋಟಾದಾಗ ನೀರ ಕೊಡ್ತಿದ್ರಿ?"

ಅವರು ಯಾವ ಗಿಂಡಿ ಎಂದು ಕೇಳಲಿಲ್ಲ.

"ನಿಮ್ಮ ಲೋಟಾದಾಗ. ಮ್ಯಾಲಿಂದ ಸುರದು." ಉಸಿರು ತೆಗೆದುಕೊಂಡರು. "ಗಿಂಡಿ ನಿಮಗಂತ ಇಟ್ಟಿದ್ದಲ್ಲ, ತಂಗಿ. ಖರೇ, ನಿಮ್ಮವ್ವನ ಸಂಶೇ ಸುಳ್ಳಲ್ಲ."

ಆ ಓಣಿಯಲ್ಲಿ ಅಷ್ಟು ವರ್ಷ ಇದ್ದೆವು. ಇದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನಾನು ಅವರಿಗೆ ಋಣಿಯಾಗಿದ್ದರೆ ಆ ಒಂದು ಮಾತಿಗೆ. ಬೇಕಾದ ಮಾತನ್ನು ನಾನೇ ಅವರ ಬಾಯಲ್ಲಿ ಇಟ್ಟೆನೇ ಎಂದು ನನ್ನನ್ನೂ ಅನುಮಾನಿಸಿದ್ದೇನೆ. ಆದರೆ ಮನೆಗೆ ಬಂದ ಕೂಡಲೇ ಅದನ್ನು ಅವ್ವನಿಗೆ ಹೇಳಿದ್ದು ನಿಜ.

"ಹಂಗಂದ್ರಾ?" ಅಂದಳು ಅವ್ವ. ಇನ್ನೊಮ್ಮೆ ಕೇಳಿದಳು, "ಖರೇನ ಹಂಗಂದ್ರಾ?" ಎದ್ದು ಮುಖ ತೊಳೆದು ಸೀರೆ ಬದಲಿಸಿದಳು.

ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಅಷ್ಟು ವರ್ಷವೂ ಅವ್ವ ಆ ಮನೆಗೆ ಹಿತ್ತಲಿನಿಂದ ಹೋಗಿ ಹಿತ್ತಲಿನಿಂದಲೇ ಬರುತ್ತಿದ್ದವಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಂದು ಹಿತ್ತಲ ಸಂದಿಯ ತನಕ ನಡೆದು ನಿಂತಳು. ಹಿಂದಕ್ಕೆ ಬಂದಳು. ಚಪ್ಪಲಿ ಕಳಚಿಟ್ಟು ಆಯಿಯ ಮನೆಯ ಮುಂಬಾಗಿಲಿನಿಂದ ಒಳಗೆ ಹೋದಳು.

ಒಂದು ತಾಸು ಕೂತಿದ್ದಳು. ಮೂರನೆಯ ದಿನ ಆಯಿ ತೀರಿಕೊಂಡರು. ಆ ತಾಸಿನಲ್ಲಿ ಅವರಿಬ್ಬರು ಏನು ಮಾತಾಡಿದರೆಂದು ಅವ್ವ ಹೇಳಲಿಲ್ಲ. ನಾನು ಕಟ್ಟಿ ಬರೆಯುವುದಿಲ್ಲ.